ಸೂತಕದ ದಿನಗಳ ನೀರು

ಕೃಷ್ಣರಾಜಪುರ
೧೧-೧೦-೧೯೯೮

ಲೇ ಸುಜಾತಾ,

ಬದುಕಿದ್ದೀಯೋ ಇಲ್ಲವೋ? ಬದುಕಿದ್ದರೆ ಕೈ ಬಿದ್ದುಹೋಗಿದೆಯೋ? ಮಂಗಳೂರಿನಲ್ಲಿ ಇನ್‌ಲ್ಯಾಂಡ್ ಲೆಟರ್ ಮಾರುವುದಿಲ್ಲವೋ? ಎಷ್ಟು ಕಾಗದ ಹಾಕಿದರೂ ಉತ್ತರವಿಲ್ಲ. ಮೀನಿನ ಕಂಪನಿಯವರು ಕಣ್ಣಿಗೆ ಕಾಣದ ಹುಳ ಹುಡುಕಲು ನಿನಗೆ ಸಂಬಳ ಕೊಡುತ್ತಾರೆ, ಸರಿ. ಅಜ್ಜಿ ಬರೆದ ಇಷ್ಟು ದಪ್ಪ ಅಕ್ಷರ ಮಾತ್ರ ಕಾಣುವುದಿಲ್ಲ ಅಲ್ಲವಾ? ನಾಲ್ಕನೇ ಕ್ಲಾಸಿನವಳ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಹಂಗಿಸುತ್ತಿದ್ದೆ. ಕೋಳಿಯೇ ಕೆದಕಿದೆ ಅಂದುಕೋ. ಆದರೆ ಓದು.

ಎಸ್‌ಟಿಡಿ ಬೂತಿನಿಂದ ಮಾತಾಡಮ್ಮ ಎನ್ನುತ್ತಾನೆ ನಿಮ್ಮಪ್ಪ. ಅಲ್ಲಿ ನಾನು ಬೈಯಲು ಬಾಯಿ ತೆರೆಯುವುದರೊಳಗೆ ಮೀಟರು ಓಡಿರುತ್ತದೆ. ಕಾಗದದಲ್ಲಾದರೆ ಅಂಚು ಮುಟ್ಟುವವರೆಗೆ ಬೈಯಬಹುದು.

ಹೋದ ಮಂಗಳವಾರ ಹೊಳೆಯ ಹತ್ತಿರಕ್ಕೆ ಬಿಳಿ ಜೀಪು ಬಂತು. ನಾವೆಲ್ಲ ಬಂಡೆಗಳ ಮೇಲೆ ಒಗೆಯುತ್ತಿದ್ದೆವು. ಇಳಿದವರಲ್ಲಿ ಒಬ್ಬ ಸರ್ಕಾರದವನು. ಇನ್ನೊಬ್ಬ, ನಮ್ಮ ದೋಬಿ ಘಾಟಿಗಿಂತ ಮೇಲೆ ಹೊಸ ಬಡಾವಣೆ ಎದ್ದಿದೆಯಲ್ಲ, ಅಲ್ಲಿಯ ಸಂಘದವನು. ಬಿಳಿ ಪ್ಯಾಂಟು ಹಾಕಿಕೊಂಡು ಹೊಳೆಗೆ ಬಂದಿದ್ದ. ಆ ಪ್ಯಾಂಟು ಒಗೆದದ್ದೂ ನಾವೇ ಇರಬೇಕು.

"ಇಲ್ಲಿ ನೀವು ಬಟ್ಟೆ ಒಗೆಯೋದ್ರಿಂದ ಹೊಳೆ ಕೆಡ್ತಿದೆ ಅಂತ ರಿಪೋರ್ಟ್ ಬಂದಿದೆ," ಅಂದ ಸರ್ಕಾರದವನು.

"ಯಾರಪ್ಪ ಅದನ್ನ ಬರ್ದ ಪುಣ್ಯಾತ್ಮ?" ಅಂದೆ ನಾನು.

ಅವನು ಹಾಳೆ ತಿರುವಿದ. "ಸುಜಾತಾ ಎ., ಎಂ.ಎಸ್ಸಿ.," ಅಂತ ಓದಿದ.

ನಿಮ್ಮಪ್ಪನ ಕೈಯಲ್ಲಿ ಲಾಡ್ಜಿನ ಚಾದರ ಇತ್ತು. ಹಾಗೇ ನೀರಿಗೆ ಬಿಟ್ಟ. ಅದು ತೇಲಿಕೊಂಡು ಒಡ್ಡಿನವರೆಗೆ ಹೋಯಿತು. ಯಾರೂ ಹಿಡಿಯಲು ಹೋಗಲಿಲ್ಲ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ. ಮರೆತವಳ ಹಾಗೆ ಕಾಣುತ್ತೀಯ. ಘಾಟಿನ ಹಿರಿಯರೊಬ್ಬರು ಸತ್ತರೆ ಸೂತಕ ಕಳೆಯುವವರೆಗೆ ನಮ್ಮಲ್ಲಿ ಯಾರೂ ಬಂಡೆ ನೆನೆಸುವುದಿಲ್ಲ, ನೀರಿಗೆ ಕಾಲಿಡುವುದಿಲ್ಲ. ಮಾಘದಲ್ಲಿ ನಿಮ್ಮ ತಾತ ಹೋದಾಗಲೂ ಹಾಗೇ ಆಯಿತು. ಬಂಡೆ ಒಣಗುತ್ತಿದ್ದರೆ ಊರಿನ ಕೊಳೆ ನಿಲ್ಲುತ್ತದೆಯೇ? ಶಿವಾಜಿನಗರದ ಲಾಡ್ಜುಗಳ ಚಾದರ, ಹಲಸೂರಿನ ನರ್ಸಿಂಗ್ ಹೋಮಿನ ಗಂಟು, ಇಂದಿರಾನಗರದ ಮನೆಗಳದ್ದು, ಎಲ್ಲ ನಮ್ಮ ನಮ್ಮ ಪಡಸಾಲೆಯಲ್ಲಿ ಗುಡ್ಡೆಯಾಯಿತು. ಸೂತಕ ಕಳೆದ ದಿನ ಅಷ್ಟನ್ನೂ ಒಂದೇ ಸಲ ಹೊಳೆಗೆ ಇಳಿಸಿದೆವು. ಅಂಥ ದಿನಕ್ಕೆ ನಾವು ರಾಶಿ ದಿನ ಎನ್ನುತ್ತೇವೆ. ಅವತ್ತು ಹೊಳೆ ಗಂಜಿಯ ಹಾಗಿರುತ್ತದೆ.

ನೀನು ಪರೀಕ್ಷೆಗೆಂದು ಹೊಳೆ ನೀರು ಬಾಟಲಿಗೆ ತುಂಬಿದ್ದು ಯಾವಾಗ? ಸೂತಕದ ದಿನಗಳಲ್ಲಿ, ಮತ್ತೆ ರಾಶಿ ದಿನ. ಜನ ಇಲ್ಲದಾಗ ನೀರು ಚೆನ್ನ, ಜನ ಇಳಿದಾಗ ವಿಷ ಎಂದು ಬರೆದೆಯಂತೆ. ಮದುವೆ ಮನೆಯ ಎಂಜಲೆಲೆ ನೋಡಿ ಈ ಮನೆಯವರು ದಿನಾ ಇಷ್ಟು ತಿನ್ನುತ್ತಾರೆ ಎಂದ ಹಾಗಾಯಿತು.

ಮುಂದಿನ ತಿಂಗಳು ನಮ್ಮನ್ನು ಕಚೇರಿಗೆ ಕರೆದಿದ್ದಾರೆ. ಅಷ್ಟರೊಳಗೆ ಬಂದು ಹೇಳು. ಬರಲಾಗದಿದ್ದರೆ ಇಂಗ್ಲಿಷಿನಲ್ಲಿ ಬರೆದು ಕಳಿಸು, ಅದು ಸೂತಕದ ನೀರು, ಇದು ರಾಶಿ ದಿನದ ನೀರು ಎಂದು. ಘಾಟು ಹೋದರೆ ನಾವು ಎಲ್ಲಿಗೆ ಹೋಗಬೇಕು ಹೇಳು. ಹಲಸೂರು ಕೆರೆಯಿಂದ ಎಬ್ಬಿಸಿದರು ಎಂದು ನಿಮ್ಮ ತಾತನ ಅಪ್ಪ ಬೈಯಪ್ಪನಹಳ್ಳಿಗೆ ಬಂದರು. ಅಲ್ಲಿಂದ ಎಬ್ಬಿಸಿದ್ದಕ್ಕೆ ಈ ಪಿನಾಕಿನಿ ಹೊಳೆಗೆ ಬಂದೆವು. ಇಲ್ಲಿಂದಾಚೆ ನೀರೇ ಇಲ್ಲ.

ಇಂತಿ ನಿನ್ನ ಅಜ್ಜಿ,
ಅಂಜಿನಮ್ಮ


ಕೃಷ್ಣರಾಜಪುರ
೨೯-೧೧-೧೯೯೮

ಸುಜಾತಾ,

ನಿನ್ನ ಕಾರ್ಡು ಬಂತು. "ಕೆಲಸ ಜಾಸ್ತಿ. ಯೋಚಿಸಿ ಬರೆಯುತ್ತೇನೆ." ಅಷ್ಟೇ. ಯೋಚಿಸಲು ನೀನೇನು ಮಂತ್ರಿಯೇ? ಕಾರ್ಡಿನಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ನಾಲ್ಕು ಬಟ್ಟೆ ಒಣಹಾಕಬಹುದು.

ಕಚೇರಿಗೆ ಹೋಗಿಬಂದೆವು. ನಾನು, ನಿಮ್ಮಪ್ಪ, ಘಾಟಿನ ನಾಲ್ಕು ಮಂದಿ. ಶಿವಾಜಿನಗರದಿಂದ ಲಾಡ್ಜಿನ ಮಾಲೀಕ ಅಕ್ತರ್ ಕೂಡ ಪಾಪ ಕೆಲಸ ಬಿಟ್ಟು ಬಂದಿದ್ದ. ಅವನ ತಾತನ ಕಾಲದಿಂದ ಆ ಲಾಡ್ಜಿನ ಬಟ್ಟೆ ನಮ್ಮದೇ ಅಲ್ಲವೇ?

ಕಚೇರಿಯ ಸಾಹೇಬ ನೀನು ಎಂ.ಎಸ್ಸಿ.ಗೆ ಬರೆದ ಪುಸ್ತಕ ಮೇಜಿನ ಮೇಲೆ ಇಟ್ಟುಕೊಂಡಿದ್ದ. "ನಿಮ್ ಮೊಮ್ಮಗಳು ಚೆನ್ನಾಗಿ ಬರ್ದಿದಾಳೆ ಕಣಮ್ಮ. ನಮ್ಗೂ ಅರ್ಥ ಆಗೋ ಹಾಗಿದೆ," ಅಂದ. ಅವನು ಹಾಗಂದಾಗ ನನ್ನ ಎದೆ ಒಂದು ಗಳಿಗೆ ಉಬ್ಬಿತು. ಏನು ಮಾಡಲಿ, ಉಬ್ಬಿತು. ಪಕ್ಕದಲ್ಲಿ ನಿಮ್ಮಪ್ಪ ನೆಲ ನೋಡುತ್ತಿದ್ದ.

ಸೂತಕದ ವಿಷಯ ಹೇಳಿದೆ. ಸಾಹೇಬ ಪುಸ್ತಕ ತೆರೆದು ಹುಡುಕಿದ. "ಸೂತಕ ಅಂತ ಇಲ್ಲಿ ಎಲ್ಲೂ ಇಲ್ವಲ್ಲಮ್ಮ. ಮಾನವ ಚಟುವಟಿಕೆ ಇಲ್ಲದ ಅವಧಿ ಅಂತಿದೆ," ಅಂದ.

"ಅದೇ ಸ್ವಾಮಿ. ಆ ಚಟುವಟಿಕೆ ಇಲ್ದಿದ್ದು ನನ್ ಗಂಡ ಸತ್ತಿದ್ದಕ್ಕೆ," ಅಂದೆ.

ಅಲ್ಲೇ ಕೂತಿದ್ದ ಬಿಳಿ ಪ್ಯಾಂಟಿನವನು ಕೆಮ್ಮಿದ. "ನಾವು ಯಾರ ಹೊಟ್ಟೆ ಮೇಲೂ ಹೊಡೀತಿಲ್ಲ. ನಮ್ಗೂ ಮಕ್ಕಳಿದಾರೆ, ವಾಸನೆ ಬರುತ್ತೆ."

"ನಿಮ್ ಬಡಾವಣೆ ಕಕ್ಕಸ್ಸಿನ ನೀರು ಎಲ್ಲಿಗೆ ಬೀಳ್ತದೆ?" ಅಂತ ಕೇಳಿದೆ.

ಉತ್ತರ ಕೊಟ್ಟಿದ್ದು ಸಾಹೇಬ. "ಅದು ಬೇರೆ ಡಿಪಾರ್ಟ್‌ಮೆಂಟು."

ಅಕ್ತರ್ ಎದ್ದು ನಿಂತು, "ಇವ್ರು ಒಗೆದಿದ್ ಚಾದರ್ ಮೇಲೆ ಮಲಗಿ ನಮ್ ಗಿರಾಕಿ ಒಬ್ನೂ ಸತ್ತಿಲ್ಲ ಸಾಬ್," ಅಂದ. ಎಲ್ಲರೂ ನಕ್ಕರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡ. "ಅಮ್ಮಾ, ಕೇಸ್ ಎಳೀತು ಅಂದ್ರೆ ನಾನ್ ಮೆಷೀನ್‌ಗೆ ಹಾಕ್ಬೇಕಾಗ್ತದೆ. ಗಿರಾಕಿ ಬಂದಾಗ ಚಾದರ್ ಇರ್ಬೇಕಲ್ಲ. ದಿಲ್‌ಗೆ ಹಚ್ಕೋಬೇಡಿ." ಹಚ್ಚಿಕೊಳ್ಳದೆ ಏನು ಮಾಡುವುದು? ಅವನ ಮೇಲೆ ಕೋಪ ಮಾಡಿಕೊಳ್ಳೋಣ ಎಂದರೆ ಅದಕ್ಕೂ ದಾರಿಯಿಲ್ಲ.

ಸಾಹೇಬನ ಮಾತು ಇಷ್ಟು: ರಿಪೋರ್ಟು ಬರೆದವಳೇ ಅದು ಹಾಗಲ್ಲ, ಹೀಗೆ ಎಂದು ಬರೆದುಕೊಟ್ಟರೆ ನೋಡೋಣ.

ಅಕ್ಟೋಬರಿನಿಂದ ನಿಮ್ಮಪ್ಪನ ಬಾಯಲ್ಲಿ ನಿನ್ನ ಹೆಸರು ಬಂದಿಲ್ಲ. ಬೈದಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿಯೂ ಅವನಿಗೆ ಬೈಯುವುದು ಬರಲಿಲ್ಲ.

ಬರೆದು ಕಳಿಸು ತಾಯಿ. ನಾಲ್ಕು ಸಾಲು ಸಾಕು.

ಇಂತಿ,
ಅಂಜಿನಮ್ಮ


ಮಂಗಳೂರು
೧೦-೧೨-೧೯೯೮

ಪ್ರೀತಿಯ ಅಜ್ಜಿ,

ನೀನು ಬೈದದ್ದರಲ್ಲಿ ಯಾವುದೂ ತಪ್ಪಿಲ್ಲ. ಉತ್ತರ ಬರೆಯಲು ಎಷ್ಟೋ ಸಲ ಕುಳಿತೆ. ನಿನಗೆ ಬೇಕಾದ ನಾಲ್ಕು ಸಾಲು ಬರೆಯಲು ಆಗಲಿಲ್ಲ, ಬೇರೆ ಏನನ್ನೂ ಬರೆಯಲು ಮನಸ್ಸಾಗಲಿಲ್ಲ.

ತಾತ ಹೋದ ಮೇಲೆ ಮನೆಯಲ್ಲಿ ಕೂರಲಾಗದೆ ಹೊಳೆಗೆ ಹೋಗುತ್ತಿದ್ದೆ. ಯಾರೂ ಇಳಿಯದ ಹೊಳೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಡ್ಡಿನ ಹತ್ತಿರ ತಳದ ಕಲ್ಲು ಕಾಣುತ್ತಿತ್ತು. ಅದಕ್ಕೇ ಬಾಟಲಿ ತುಂಬಿಕೊಂಡು ಕಾಲೇಜಿಗೆ ಒಯ್ದೆ. ಸೂತಕ ಎಂದೇ ಮೊದಲು ಬರೆದಿದ್ದೆ. ನನಗೆ ಮಾರ್ಗದರ್ಶನ ಮಾಡಿದ ಮೇಷ್ಟ್ರು, "ಇದೆಲ್ಲ ಇಲ್ಲಿ ಬೇಡಮ್ಮ, ಮಾನವ ಚಟುವಟಿಕೆ ಇಲ್ಲದ ಅವಧಿ ಅಂತ ಹಾಕು," ಎಂದರು. ಹಾಕಿದೆ. ಆ ಪುಸ್ತಕ ಬಡಾವಣೆಯವರ ಕೈಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ರಾಶಿ ದಿನದ ನೀರು ದಿನನಿತ್ಯದ ನೀರಲ್ಲ ಎಂದು ಬರೆದುಕೊಡಬಲ್ಲೆ. ಅದು ನಿಜ. ಆದರೆ ಅಜ್ಜಿ, ಮನಸ್ಸು ಒಪ್ಪದೆ ಯುಗಾದಿ ಹೊತ್ತಿಗೆ, ನೀವೆಲ್ಲ ಎಂದಿನಂತೆ ಒಗೆಯುತ್ತಿದ್ದ ಒಂದು ಸಾಧಾರಣ ದಿನವೂ ಬಾಟಲಿ ತುಂಬಿದ್ದೆ. ಪುಸ್ತಕ ಅಷ್ಟರಲ್ಲಿ ಬೈಂಡಿಗೆ ಹೋಗಿತ್ತು. ಆ ಬಾಟಲಿಯಲ್ಲಿ ಹುಳ ರಾಶಿ ದಿನಕ್ಕಿಂತ ಕಡಿಮೆ ಬಂತು, ಆದರೆ ಸೂತಕದ ನೀರಿಗಿಂತ ಎಷ್ಟೋ ಪಾಲು ಹೆಚ್ಚು. ಈಗ ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಹೇಳಿದರೆ ಈಗಿರುವ ಸಂಶಯವೂ ಹೋಗಿ ಅವರ ಮಾತೇ ಗಟ್ಟಿಯಾಗುತ್ತದೆ. ಸುಳ್ಳು ಬರೆಯಲು ಕೈ ಬರುತ್ತಿಲ್ಲ.

ನೀನು ಹುಳ ಎನ್ನುತ್ತೀಯಲ್ಲ, ಆ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಇರುವುದು ಮನುಷ್ಯರ, ದನಗಳ ಹೊಟ್ಟೆಯಲ್ಲಿ. ಬಟ್ಟೆಯಿಂದ, ಮೈಯಿಂದ, ಚರಂಡಿಯಿಂದ ನೀರಿಗೆ ಬರುತ್ತವೆ. ಯಾರೂ ತುಳಿಯದಿದ್ದರೆ ಕೆಸರು ಕೆಳಗೆ ಕೂರುತ್ತದೆ, ಬಿಸಿಲು ಆಳಕ್ಕೆ ಇಳಿಯುತ್ತದೆ, ಅವು ಸಾಯತೊಡಗುತ್ತವೆ. ಎಲ್ಲವೂ ಸಾಯುವುದಿಲ್ಲ. ಕೆಲವು ಕೆಸರಿನ ಜೊತೆ ತಳದಲ್ಲಿ ವಾರಗಟ್ಟಲೆ ಇರುತ್ತವೆ, ಕಾಲಿಟ್ಟರೆ ಮತ್ತೆ ಮೇಲೇಳುತ್ತವೆ. ಹೊಳೆಯದೇ ಆದ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ನಾವು ದೂರವಾದರೆ ಅವು ತಮ್ಮ ಜಾಗಕ್ಕೆ ತಿರುಗಿ ಬರುತ್ತವೆ. ಅವುಗಳಿಂದ ಕೆಡುಕಿಲ್ಲ, ಕೊಳೆ ತಿಂದು ಹೊಳೆಯನ್ನು ತೊಳೆಯುವವೇ ಅವು.

ಬಡಾವಣೆಯ ಮೋರಿ ಸೇರುವ ಕಡೆಯಲ್ಲಿ ನಾನು ಬಾಟಲಿ ತುಂಬಲಿಲ್ಲ. ಯಾಕೆ ತುಂಬಲಿಲ್ಲ ಎಂದು ದಿನಾ ಕೇಳಿಕೊಳ್ಳುತ್ತೇನೆ. ನನಗೆ ಹೊಳೆ ಎಂದರೆ ನಮ್ಮ ಘಾಟಷ್ಟೇ ಆಗಿತ್ತು. ಆಗಿನ ನೀರು ಹರಿದುಹೋಯಿತು, ಈಗ ಅದನ್ನು ಅಳೆಯಲಾಗುವುದಿಲ್ಲ.

ಅಪ್ಪನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನಿನ್ನ ಮೊಮ್ಮಗಳು,
ಸುಜಾತಾ


ಕೃಷ್ಣರಾಜಪುರ
೩-೧-೧೯೯೯

ಸುಜಾತಾ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ನಿಮ್ಮಮ್ಮ ಸೊಪ್ಪು ಬಿಡಿಸುತ್ತ ಕೇಳಿದಳು. ನಿಮ್ಮಪ್ಪ ಅಂಗಳದಲ್ಲಿ ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಊದುತ್ತ ಕೂತಿದ್ದ. ಇದ್ದಿಲು ಹೊತ್ತಿ ನಿಗಿನಿಗಿ ಎನ್ನುತ್ತಿದ್ದರೂ ಊದುತ್ತಲೇ ಇದ್ದ.

ಹೊಳೆ ತೊಳೆಯುವ ಹುಳಗಳಿವೆ ಎಂದು ಬರೆದೆ. ಹಾಗಾದರೆ ಅವೂ ಮಡಿವಾಳರ ಕುಲದವೇ ಆದವು. ನಾವು ಎದ್ದುಹೋಗುವುದನ್ನೇ ಕಾಯುತ್ತಿವೆ ಎಂದು ಗೊತ್ತಿರಲಿಲ್ಲ.

ನಿನ್ನ ಮೇಲೆ ಇನ್ನೂ ನಾಲ್ಕು ಮಾತು ಕೂಗಾಡೋಣ ಎಂದೇ ಪೆನ್ನು ಹಿಡಿದೆ. ಆದರೆ ಮೊನ್ನೆ ಒಡ್ಡಿನ ಕೆಳಗೆ ಸೊಪ್ಪು ಬೆಳೆಯುವ ಪಿಳ್ಳಮ್ಮ ಸಿಕ್ಕಿದ್ದಳು. ಅವಳ ಮೊಮ್ಮಗಳಿಗೆ ಮತ್ತೆ ಟೈಫಾಯಿಡ್. ಮಗು ಹೊಳೆಯ ನೀರು ಹರಿಯುವ ಕಾಲುವೆಯಲ್ಲೇ ಆಡುತ್ತದೆ, ಸೊಪ್ಪಿನ ಕಟ್ಟು ತೊಳೆಯುವುದೂ ಅದರಲ್ಲೇ. ತೋಳು ನೋಡಿದರೆ ನುಗ್ಗೆಕಾಯಿ ಹಾಗಿದೆ.

"ಅಕ್ಕಾ, ಒಂದ್ ಮಾತ್ ಹೇಳ್ತೀನಿ, ಬೇಜಾರಾಗ್ಬೇಡ," ಅಂದಳು. "ಅಣ್ಣ ಹೋದಾಗ ನೀವ್ಯಾರೂ ಇಳೀಲಿಲ್ಲ ನೋಡು, ಆಗ ನೀರು ಎಂಗಿತ್ತು ಗೊತ್ತಾ? ಸೋಪಿನ್ ನೊರೆ ಇಲ್ಲ, ಏನಿಲ್ಲ. ನಾನು ಮಡಕೇಲಿ ಎತ್ಕೊಂಡ್ ಮುಖ ತೊಳ್ಕೊಂಡೆ."

"ನಮ್ಮನೇಲಿ ಸಾವಾಗಿದ್ರೆ ನೀನ್ ಮುಖ ತೊಳ್ಕೊಂಡ್ಯಾ?" ಅಂದುಬಿಟ್ಟೆ.

ಅವಳು ಅಳಲು ಶುರುಮಾಡಿದಳು. ನನ್ನ ನಾಲಗೆಗೆ ಬೆಂಕಿ ಬೀಳಲಿ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮೇಲಿನ ಮೋರಿಯಿಂದ ಬಂದ ಜ್ವರವೋ, ನಾವು ಒಗೆದ ನರ್ಸಿಂಗ್ ಹೋಮಿನ ಗಂಟಿನಿಂದ ಬಂದದ್ದೋ, ಆ ಮಗುವಿನ ಮೈ ಮುಟ್ಟಿ ಹೇಳುವವರು ಯಾರೂ ಇಲ್ಲ. ನೀನೂ ಹೇಳಲಾರೆ. ಮಗುವಿಗೆ ಒಂದು ಹಳೆಯ ಸ್ವೆಟರ್ ಕೊಟ್ಟು ಬಂದೆ. ಅದನ್ನು ಒಗೆದದ್ದೂ ಆ ಹೊಳೆಯಲ್ಲೇ.

ಕಚೇರಿಯಿಂದ ಆಜ್ಞೆ ಬಂದಿದೆ. ಸಂಕ್ರಾಂತಿಯಿಂದ ಯುಗಾದಿವರೆಗೆ ಯಾರೂ ಹೊಳೆಗೆ ಇಳಿಯಬಾರದು. ಅವರೇ ಬಾಟಲಿ ತುಂಬಿ ನೋಡುತ್ತಾರಂತೆ. ಒಡ್ಡಿನ ಹತ್ತಿರ ಮಾತ್ರ. ನಾನು ಸಾಹೇಬನನ್ನು ಹೋಗಿ ಕೇಳಿದೆ.

"ನೀರು ತಿಳಿಯಾದ್ರೆ ಏನ್ ಮಾಡ್ತೀರಿ ಸ್ವಾಮಿ?"

"ಆದ್ರೆ ನಿಮ್ಮಿಂದ್ಲೇ ಕೆಡ್ತಿತ್ತು ಅಂತಾಯ್ತಲ್ಲ. ಮತ್ತೆ ಬಿಡೋಕಾಗಲ್ಲ."

"ಆಗ್ದೇ ಹೋದ್ರೆ?"

"ಆಗ ಆ ನೀರೇ ಯೋಗ್ಯ ಇಲ್ಲ ಅಂತಾಯ್ತು. ಅಂಥ ನೀರಲ್ಲಿ ಜನರ ಬಟ್ಟೆ ಒಗೆಯೋಕೆ ಹೇಗಮ್ಮ ಬಿಡೋದು?"

ಅವನು ಕುಹಕದಿಂದ ಹೇಳಲಿಲ್ಲ ಸುಜಾತಾ. ಕುರ್ಚಿ ತರಿಸಿ, ನನ್ನನ್ನು ಕೂರಿಸಿ, ನೀರು ಕುಡಿಸಿ ಹೇಳಿದ. ಎದ್ದು ಬಂದೆ.

ಇಷ್ಟು ವರ್ಷ ದೇವರಿಗೆ ಕೈ ಮುಗಿದವಳು ನಾನು. ಈಗ ಏನೆಂದು ಬೇಡಿಕೊಳ್ಳಲಿ? ಹೊಳೆ ತಿಳಿಯಾಗಲಿ ಎಂದೋ, ಬೇಡ ಎಂದೋ? ಪಿಳ್ಳಮ್ಮನ ಮನೆಯ ಮಗು ಕಣ್ಣ ಮುಂದೆ ಬರುತ್ತದೆ, ಹಿಂದೆಯೇ ನಿಮ್ಮಪ್ಪನ ಮುಖ. ದೀಪ ಹಚ್ಚಿ ಸುಮ್ಮನೆ ನಿಂತು ಬರುತ್ತೇನೆ.

ಇಂತಿ,
ಅಂಜಿನಮ್ಮ


ಕೃಷ್ಣರಾಜಪುರ
೧೪-೩-೧೯೯೯

ಸುಜಾತಾ,

ನೀನು ಬರೆಯದಿದ್ದರೂ ನಾನು ಬರೆಯುವುದು ಬಿಡುವುದಿಲ್ಲ. ಬೇರೆ ಕೆಲಸವಾದರೂ ಏನಿದೆ?

ವಾರಕ್ಕೊಮ್ಮೆ ಬಸ್ಸು ಹತ್ತಿ ಹೊಳೆಗೆ ಹೋಗಿ ಬರುತ್ತೇನೆ. ಯಾಕೆ ಎಂದು ಕೇಳಬೇಡ. ಮೊದಲು ನೊರೆ ಹೋಯಿತು. ಆಮೇಲೆ ಕದಡು ಇಳಿಯಿತು. ಬಂಡೆಗಳ ಬುಡದಲ್ಲಿ ಹಸಿರು ಪಾಚಿ ಕೂದಲು ಬಿಟ್ಟ ಹಾಗೆ ಬೆಳೆದಿದೆ, ಅದರೊಳಗೆ ಬೆರಳುದ್ದದ ಮೀನು ಬಂದಿವೆ. ನಿಮ್ಮ ತಾತನ ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರವಿಕೊಂಡು ಕೂತಿತ್ತು. ಹುಷ್ ಎಂದೆ. ಕದಲಲಿಲ್ಲ. ಅದರ ಪಾಲಿಗೆ ಅಲ್ಲಿ ಯಾವಾಗಲಾದರೂ ಮನುಷ್ಯರಿದ್ದರು ಎಂಬುದೇ ಇಲ್ಲ. ಮೋರಿ ಸೇರುವ ಕಡೆ ಮಾತ್ರ ಕಪ್ಪಗೆ ನಾರುತ್ತಿದೆ. ಅಲ್ಲಿಗೆ ಯಾರೂ ಬಾಟಲಿ ತರಲಿಲ್ಲ.

ಚೆನ್ನಾಗಿದೆ ಕಣೇ ಹೊಳೆ. ನಾವು ಇಲ್ಲದೆ ಚೆನ್ನಾಗಿದೆ. ಇದನ್ನು ಮನೆಯಲ್ಲಿ ಯಾರ ಮುಂದೆ ಹೇಳಲಿ? ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಯುಗಾದಿಗೆ ಮೊದಲೇ ಅವರ ಬಾಟಲಿಯ ಫಲಿತಾಂಶ ಬಂತು. ಹುಳ ಅರ್ಧಕ್ಕಿಂತ ಕೆಳಗೆ ಇಳಿದಿವೆಯಂತೆ, ಪೂರ್ತಿ ಹೋಗಿಲ್ಲವಂತೆ. ಉಳಿದದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳಿದರೆ, ಅದಕ್ಕೆ ಬೇರೆ ಅರ್ಜಿ ಕೊಡಿ ಎಂದರು. ಪಿಳ್ಳಮ್ಮನ ಮನೆಯ ಮಗು ಎದ್ದು ಓಡಾಡುತ್ತಿದೆ. ಅದು ಹೊಳೆಯಿಂದಲೋ ಮಾತ್ರೆಯಿಂದಲೋ ಗೊತ್ತಿಲ್ಲ. ಓಡಾಡುತ್ತಿದೆ, ಅಷ್ಟು ಸಾಕು.

ನಿಮ್ಮಪ್ಪ ಶಿವಾಜಿನಗರದಲ್ಲಿ ಒಂದು ಮೆಷೀನ್ ಲಾಂಡ್ರಿಗೆ ಇಸ್ತ್ರಿ ಮಾಡಲು ಹೋಗುತ್ತಿದ್ದಾನೆ. ಅಕ್ತರನ ಚಾದರಗಳೂ ಅಲ್ಲಿಗೇ ಬರುತ್ತವೆ. ಯಾರ ಬಟ್ಟೆ ಎಂದು ತಿಳಿಯಲು ಅವುಗಳ ಮೂಲೆಯಲ್ಲಿ ನಾವು ಹಾಕಿದ ಕಪ್ಪು ಗುರುತು ಮೆಷೀನಿಗೂ ಹೋಗಿಲ್ಲವಂತೆ. ನಿಮ್ಮಮ್ಮನಿಗೆ ಹೇಳುತ್ತಿದ್ದ, ನನಗಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಚೇರಿಯಿಂದ ಮನೆಗೊಂದು ಕಾಗದ ಬಂದಿದೆ. ಹೊಸಕೋಟೆ ರಸ್ತೆಯಾಚೆ ಬೋರ್‌ವೆಲ್ ತೋಡಿ ಸಿಮೆಂಟಿನ ತೊಟ್ಟಿ ಕಟ್ಟಿಕೊಡುತ್ತಾರಂತೆ. ಆದರೆ ಮೊದಲು ಸೈನ್ ಹಾಕಬೇಕು: ಹೊಳೆಯ ನೀರು ಕೆಟ್ಟಿದ್ದು ನಾವು ಬಟ್ಟೆ ಒಗೆದಿದ್ದರಿಂದ, ಇನ್ನು ಮುಂದೆ ಹೊಳೆಯ ಮೇಲೆ ನಮಗೆ ಯಾವ ಹಕ್ಕೂ ಇಲ್ಲ ಎಂದು. ಸೈನ್ ಹಾಕದವರಿಗೆ ತೊಟ್ಟಿಯಲ್ಲಿ ಜಾಗ ಇಲ್ಲ. ಏಪ್ರಿಲ್ ಒಂದನೇ ತಾರೀಕಿಗೆ ವಾಪಸ್ ಕೊಡಬೇಕು. ಘಾಟಿನವರೆಲ್ಲ ನಿಮ್ಮಪ್ಪನ ಮುಖ ನೋಡುತ್ತಿದ್ದಾರೆ. ಅವನು ಮಾಡಿದ ಹಾಗೆ ತಾವೂ ಮಾಡುತ್ತೇವೆ ಎನ್ನುತ್ತಾರೆ.

ನಿನ್ನೆ ಊಟಕ್ಕೆ ಕೂತಾಗ ನಿಮ್ಮಪ್ಪನನ್ನು ಕೇಳಿದೆ. "ಏನೋ ಅಂಜನಮೂರ್ತಿ, ಸೈನ್ ಹಾಕ್ತೀಯೇನೋ?"

"ಸುಜಾತನ್ ಕೇಳಮ್ಮ," ಅಂದ.

ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. "ಅವ್ಳನ್ ಏನ್ ಕೇಳೋದು? ಇಷ್ಟಕ್ಕೆಲ್ಲ ಅವ್ಳೇ ಕಾರ್ಣ ಅಲ್ವಾ," ಅಂದೆ.

"ಅದಕ್ಕೇ. ನೀರ್ ನೋಡಿದ್ದು ಅವ್ಳು. ನಮ್ಮಿಂದ್ಲೇ ಕೆಟ್ಟಿತ್ತು ಅಂತ ಅವ್ಳು ಹೇಳಿದ್ರೆ ಹಾಕ್ತೀನಿ. ಅಲ್ಲ ಅಂದ್ರೆ ಬೇಡ, ತೊಟ್ಟಿನೂ ಬೇಡ. ನನ್ ಮಗ್ಳು ಸುಳ್ ಬರೆಯಲ್ಲ."

ಅಷ್ಟು ಹೇಳಿ ಅನ್ನ ಕಲೆಸತೊಡಗಿದ. ಸಾರು ಬಡಿಸಿರಲಿಲ್ಲ ನಾನು. ಬರೀ ಅನ್ನವನ್ನೇ ಕಲೆಸುತ್ತಿದ್ದ.

ನೀನು ಹೇಳುವೆ, ಅಜ್ಜಿ ಅದು ಹೌದೂ ಅಲ್ಲ, ಅಲ್ಲವೂ ಅಲ್ಲ, ಅಷ್ಟು ಪಾಲು ನಮ್ಮದು, ಇಷ್ಟು ಪಾಲು ಮೋರಿಯದು ಎಂದು. ನನಗೂ ಗೊತ್ತು. ಆದರೆ ಕಾಗದದಲ್ಲಿ ಸೈನ್ ಹಾಕಲು ಒಂದೇ ಗೆರೆ ಇದೆ, ಪಾಲು ಬರೆಯಲು ಜಾಗ ಬಿಟ್ಟಿಲ್ಲ. ಅವನ ಪರವಾಗಿ ನಾನೇ ಒಂದು ಮಾತು ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆನೋ. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ, ಇದಕ್ಕೆ ಏಳುತ್ತಿಲ್ಲ.

ಕ್ಷಮಿಸು ಎಂದು ಬರೆಯಬೇಡ, ಅಳಬೇಡ, ಹುಳಗಳ ವಿಷಯ ಬರೆಯಬೇಡ. ಹಾಕಲಿ ಎಂದು ಬರೆ, ಇಲ್ಲವೇ ಬೇಡ ಎಂದು ಬರೆ. ನಿನ್ನ ಅಪ್ಪನ ಹೆಸರಿಗೆ ಬರೆ, ನನಗಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಅದು ಇಲ್ಲಿಗೆ ತಲುಪಬೇಕು; ಇವತ್ತೇ ಬರೆದು ಡಬ್ಬಿಗೆ ಹಾಕು.

ಇಂತಿ ನಿನ್ನ ಅಜ್ಜಿ,
ಅಂಜಿನಮ್ಮ